ಹಳೆಯ ಕಾರಿನ ರೋಗಪರೀಕ್ಷೆ

ಹಳೆಯ ಕಾರನ್ನು ಇಟ್ಟುಕೊಂಡವರಿಗೆ ಎರಡು ಬಗೆಯ ವೆಚ್ಚಗಳುಂಟು. ಕಾರು ಕೆಟ್ಟುದಕ್ಕಾಗಿ ಮಾಡುವ ವೆಚ್ಚ ಒಂದು. ಏನು ಕೆಟ್ಟಿದೆಯೆಂಬುದನ್ನು ಅರಿಯದೆ ಮಾಡುವ ವೆಚ್ಚ ಇನ್ನೊಂದು. ಮೊದಲನೆಯದನ್ನು ತಪ್ಪಿಸುವುದು ಯಾರಿಂದಲೂ ಆಗದು. ಎರಡನೆಯದು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ. ಅದನ್ನು ಕುರಿತೇ ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಉದಾಹರಣೆಗೆ ಅಂಬಾಸಡರ್ ಕಾರನ್ನೇ ತೆಗೆದುಕೊಳ್ಳುತ್ತೇನೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಸಂತತಿಯಾದ ಈ ಕಾರು ಬಂಗಾಳದ ಉತ್ತರಪಾರಾದಲ್ಲಿ 1958ರ ಸುಮಾರಿನಿಂದ 2014ರ ವರೆಗೆ ತಯಾರಾಗುತ್ತಿದ್ದಿತು. ಅದರ ಹಳೆಯ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಗಣಕಯಂತ್ರದ ಗೊಡವೆಯಿಲ್ಲ. ಬಾನೆಟ್ಟನ್ನು ಎತ್ತಿದರೆ ಪ್ರತಿಯೊಂದು ಅಂಗವೂ ಕಣ್ಣಿಗೆ ಕಾಣುವಂತಿರುತ್ತದೆ, ಕೈಗೆ ಎಟುಕುವಂತಿರುತ್ತದೆ. ಬಡ ಅಧ್ಯಾಪಕನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ದೊರೆಯಲಾರದು.

ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ನನ್ನ ಕಾರು ಹೊರಡಲೊಲ್ಲದೆ ಹೋಯಿತು. ಕೀಲಿ ತಿರುಗಿಸಿದರೆ ಸ್ಟಾರ್ಟರು ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ನೋಡಿದವರು ಬ್ಯಾಟರಿಯ ಆಯುಸ್ಸು ಮುಗಿಯಿತೆಂದರು, ಹೊಸದನ್ನು ಹಾಕಿಸಿದೆನು. ಒಂದು ವಾರ ಓಡಿತು. ಮತ್ತೆ ಅದೇ ನರಳಾಟ. ಈ ಸಲ ಸ್ಟಾರ್ಟರನ್ನು ಬಿಚ್ಚಿಸಿ ಹೊಸದಾಗಿ ತಂತಿ ಸುತ್ತಿಸಿದ್ದಾಯಿತು. ತಿಂಗಳ ಸಂಬಳದಲ್ಲಿ ಒಂದು ದೊಡ್ಡ ಪಾಲು ಹೀಗೆ ಕರಗಿತೇ ಹೊರತು ಕಾರು ಹೊರಡಲಿಲ್ಲ. ಕಡೆಗೆ ಒಂದು ದಿನ, ನಾನು ಹಟ ಹಿಡಿದು ಕೀಲಿಯನ್ನು ತಿರುಗಿಸುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಚೋಕಿನ ಗುಂಡಿಯನ್ನು ಎಳೆಯಹೋಗಿ ಥಟ್ಟನೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, “ಇದೇಕೆ ಇಷ್ಟು ಸುಡುತ್ತಿದೆ?” ಎಂದು ಕೇಳಿದಳು. ಉತ್ತರವೆಲ್ಲ ಆ ಪ್ರಶ್ನೆಯಲ್ಲಿಯೇ ಇದ್ದಿತು.

ಎಂಜಿನ್ನು ಕುಳಿತಿರುವುದು ರಬ್ಬರಿನ ಮೆತ್ತೆಗಳ ಮೇಲೆ. ರಬ್ಬರು ವಿದ್ಯುತ್ತನ್ನು ಬಿಡದು. ಆದುದರಿಂದ ಸ್ಟಾರ್ಟರಿನ ಮೂಲಕ ಹರಿದ ವಿದ್ಯುತ್ತು ಬ್ಯಾಟರಿಗೆ ಹಿಂದಿರುಗುವುದಕ್ಕಾಗಿ ಎಂಜಿನ್ನಿಗೂ ಕಾರಿನ ಒಡಲಿಗೂ ತಾಮ್ರದ ಹೆಣಿಗೆಯ ಒಂದು ಅರ್ತಿಂಗ್ ಪಟ್ಟಿಯನ್ನು ಕಟ್ಟಿರುತ್ತಾರೆ. ನನ್ನ ಕಾರಿನಲ್ಲಿ ಅದು ತುಕ್ಕು ಹಿಡಿದು ಎಳೆಯೆಳೆಯಾಗಿ ಹರಿದಿತ್ತು. ದಾರಿ ಕಾಣದ ವಿದ್ಯುತ್ತು ಚೋಕಿನ ಸಣ್ಣ ತಂತಿಯನ್ನೇ ಹಿಡಿದು ನುಗ್ಗುತ್ತಿದ್ದಿತು, ತಂತಿ ಕಾಯುತ್ತಿದ್ದಿತು. ಸ್ಟಾರ್ಟರು ಎಂಜಿನ್ನನ್ನು ತಿರುಗಿಸುವಾಗ ನೂರೈವತ್ತು ಇನ್ನೂರು ಆಂಪಿಯರುಗಳನ್ನು ಎಳೆಯುವುದುಂಟು. ದಾರಿಯಲ್ಲಿ ಒಂದು ಓಮಿನ ನೂರನೆಯ ಒಂದು ಪಾಲಿನಷ್ಟು ತಡೆಯಿದ್ದರೂ ಇನ್ನೂರು ಆಂಪಿಯರಿಗೆ ಎರಡು ವೋಲ್ಟು ನಷ್ಟವಾಗುತ್ತದೆ. ಹನ್ನೆರಡರಲ್ಲಿ ಎರಡು ಹೋದಂತಾಯಿತು. ಬ್ಯಾಟರಿಯ ತುದಿಗೆ ಬೂಷ್ಟಿನಂತೆ ಕೂಡುವ ಬಿಳಿಯ ಪುಡಿ ಇಷ್ಟು ತಡೆಯನ್ನು ಸುಲಭವಾಗಿ ಒಡ್ಡಬಲ್ಲುದು. ಆದರೆ ಮುಂದಿನ ದೀಪಗಳು ಹತ್ತು ಆಂಪಿಯರಿನ ಆಸುಪಾಸಿನಲ್ಲಿಯೇ ತೃಪ್ತವಾಗುವುದರಿಂದ ಅವು ಚೆನ್ನಾಗಿಯೇ ಉರಿಯುತ್ತಿರುತ್ತವೆ. ಅದನ್ನು ಕಂಡು ನಾವು ಮೋಸಹೋಗುತ್ತೇವೆ. ಓಮನ ನಿಯಮವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವ ನನಗೆ ಇದು ಮೊದಲೇ ಹೊಳೆಯಬೇಕಾಗಿದ್ದಿತು!

ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಒಂದು ಮಲ್ಟಿಮೀಟರು ಈ ಸಂದೇಹವನ್ನೆಲ್ಲ ಎರಡು ನಿಮಿಷಗಳಲ್ಲಿ ಪರಿಹರಿಸುತ್ತದೆ. ರಾತ್ರಿಯೆಲ್ಲ ಸುಮ್ಮನೆ ನಿಂತ ಕಾರಿನ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟನ್ನು ತೋರಿಸಬೇಕು. ಸ್ಟಾರ್ಟರು ತಿರುಗುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಎಂಜಿನ್ನಿನ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ಅರ್ತಿಂಗ್ ತುದಿಗೂ ಮುಟ್ಟಿಸಿ ನೋಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ದೋಷ ದಾರಿಯಲ್ಲಿದೆ. ಬ್ಯಾಟರಿಯ ಅಂಗಡಿಗೆ ಹೋಗುವ ಅಗತ್ಯವಿಲ್ಲ.

ಎಂಜಿನ್ನು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ವಿಚಾರ ಬೇರೆ. ಅದಕ್ಕೆ ಬೇಕಾದುವು ಪೆಟ್ರೋಲು, ಕಿಡಿ, ಒತ್ತಡ ಈ ಮೂರೇ. ಸುಲಭವಾಗಿ ಪರೀಕ್ಷಿಸಬಹುದಾದುದು ಕಿಡಿ. ಒಂದು ಪ್ಲಗ್ಗನ್ನು ಬಿಚ್ಚಿ, ಅದರ ತಂತಿಗೆ ಮತ್ತೆ ಸಿಕ್ಕಿಸಿ, ಲೋಹಕ್ಕೆ ತಾಗುವಂತೆ ಒರಗಿಸಿ ಎಂಜಿನ್ನನ್ನು ತಿರುಗಿಸಿದರೆ ಚಟಚಟನೆ ನೀಲಿಯ ಕಿಡಿ ಹಾರಬೇಕು. ಹತ್ತಿರದಲ್ಲಿ ಪೆಟ್ರೋಲಿನ ವಾಸನೆಯಿದ್ದರೆ ಈ ಪ್ರಯೋಗ ಸರ್ವಥಾ ಕೂಡದು. ಕಿಡಿ ಹಳದಿಯಾಗಿ ಸೊರಗಿದ್ದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಉಜ್ಜಿ, ಅಂತರವನ್ನು 0.4 ಮಿಲಿಮೀಟರಿನ ಸುಮಾರಿಗೆ ಸರಿಪಡಿಸಿ, ಕಂಡೆನ್ಸರನ್ನು ಬದಲಾಯಿಸಬೇಕು. ಇವೆಲ್ಲ ಅಲ್ಪಬೆಲೆಯ ವಸ್ತುಗಳು. ಪ್ಲಗ್ಗಿನ ಮೂತಿಯನ್ನೂ ಓದಬಹುದು: ತಿಳಿಗಂದು ಆರೋಗ್ಯದ ಬಣ್ಣ; ಒಣಮಸಿ ಪೆಟ್ರೋಲು ಅತಿಯಾದುದರ ಗುರುತು; ಎಣ್ಣೆಯ ಜಿಡ್ಡಿದ್ದರೆ ಒಳಗೆ ಸವೆತವುಂಟು.

ಒತ್ತಡದ ಪರೀಕ್ಷೆಯನ್ನು ಮೆಕಾನಿಕ್ಕಿನಿಂದಲೇ ಮಾಡಿಸಬೇಕು. ಆದರೆ ಎದುರಿಗೆ ನಿಂತು ನಾಲ್ಕು ಸಿಲಿಂಡರುಗಳ ಅಂಕೆಗಳನ್ನೂ ಬರೆದುಕೊಳ್ಳಿ. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಅದರೊಳಕ್ಕೆ ಒಂದು ಚಮಚ ಎಂಜಿನ್ ಎಣ್ಣೆಯನ್ನು ಬಿಟ್ಟು ಮತ್ತೆ ಅಳೆಯಿಸಬೇಕು. ಒತ್ತಡ ಏರಿದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ. ಏರದಿದ್ದರೆ ಸಾಮಾನ್ಯವಾಗಿ ವಾಲ್ವುಗಳ ದೋಷ. ಪಕ್ಕಪಕ್ಕದ ಎರಡರಲ್ಲಿಯೂ ಒಮ್ಮೆಗೇ ಕಡಿಮೆಯಾಗಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ಟನ್ನು ಸಂದೇಹಿಸಬೇಕು. ವಾಲ್ವನ್ನು ಕೂಡಿಸುವುದಕ್ಕೂ ಎಂಜಿನ್ನನ್ನೇ ಇಳಿಸುವುದಕ್ಕೂ ವೆಚ್ಚದಲ್ಲಿ ಎಷ್ಟೋ ಅಂತರವುಂಟು. ಆ ಅಂತರವನ್ನು ಒಂದು ಚಮಚ ಎಣ್ಣೆ ತಿಳಿಸುತ್ತದೆ.

ಕಾವೇರುವ ಕಾಯಿಲೆ ನಮ್ಮ ಊರುಗಳಲ್ಲಿ ಬಹಳ ಸಾಮಾನ್ಯ. ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದು, ಕಾಫಿ ನೀರು ಕಾಯಿಸುವ ಪಾತ್ರೆಯ ತಳದಂತೆ ಅದರ ನಾಳಗಳಲ್ಲಿ ಸುಣ್ಣವನ್ನು ಕಟ್ಟಿಸುತ್ತೇವೆ. ಬಳಿಕ ಥರ್ಮೋಸ್ಟಾಟನ್ನು ಕಿತ್ತೆಸೆಯುತ್ತೇವೆ. ಇದು ಜ್ವರ ಬಂದಾಗ ಜ್ವರಮಾಪಕವನ್ನು ಮುರಿದಂತೆ. ತಣ್ಣಗಿರುವ ರೇಡಿಯೇಟರಿನ ಮುಚ್ಚಳವನ್ನು ತೆಗೆದು ಎಂಜಿನ್ನನ್ನು ಹೊರಡಿಸಿ, ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತವೆಯೇ ಎಂದು ನೋಡಿರಿ. ಎದ್ದರೆ ಗ್ಯಾಸ್ಕೆಟ್ಟಿನ ತೊಂದರೆಯಿದ್ದೀತು. ಇಲ್ಲವಾದರೆ ರೇಡಿಯೇಟರು, ಬೆಲ್ಟು, ರಬ್ಬರಿನ ನಳಿಗೆಗಳ ಕಡೆಗೆ ಮೊದಲು ಗಮನ ಕೊಡತಕ್ಕದ್ದು.

ರಬ್ಬರಿನ ನಳಿಗೆಯೆಂದೊಡನೆ ಇನ್ನೊಂದು ಮಾತು. 2023ರಿಂದ ನಮ್ಮ ದೇಶದಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಳಕೆಗೆ ಬಂದಿದೆ. ಹಳೆಯ ಕಾಲದ ರಬ್ಬರು ಈ ಮಿಶ್ರಣಕ್ಕೆಂದು ಮಾಡಿದುದಲ್ಲ. ಅದು ಉಬ್ಬಿ ಬಿರಿಯಬಹುದು. ಅಂಬಾಸಡರಿನ ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರೂ ಕಾದ ಹೊಗೆಯ ಕೊಳವೆಯೂ ಒಂದೇ ಪಕ್ಕದಲ್ಲಿವೆ. ತೊಟ್ಟಿಕ್ಕುವ ಪೆಟ್ರೋಲು ಎಲ್ಲಿ ಬೀಳುವುದೆಂಬುದನ್ನು ವಿವರಿಸಬೇಕಾಗಿಲ್ಲ. ಒಂದು ಗಜ ಹೊಸ ನಳಿಗೆಗೆ ಲೋಭ ಮಾಡಬಾರದು.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಬಾಗಿಲಿನ ಹಿಡಿ, ದೀಪದ ಗಾಜು, ಬಂಪರು ಇವನ್ನು ಚೌಕಾಸಿ ಮಾಡಿ ಕೊಳ್ಳುವುದರಲ್ಲಿ ನನಗೂ ಸಂತೋಷವುಂಟು. ಬ್ರೇಕಿನ ವಿಷಯದಲ್ಲಿ ಮಾತ್ರ ಹಳೆಯ ಸಾಮಾನು ಬೇಡ. ಹಳೆಯ ಅಂಬಾಸಡರುಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ದ್ರವದ ಕಟ್ಟು. ಎಲ್ಲಿ ಒಂದು ರಬ್ಬರ್ ಬಟ್ಟಲು ಹರಿದರೂ ಪಾದದ ಬ್ರೇಕು ಇಡಿಯಾಗಿ ಹೋಗುತ್ತದೆ, ಕೈಬ್ರೇಕೊಂದೇ ಉಳಿಯುತ್ತದೆ. ತಿಂಗಳಿಗೊಮ್ಮೆ ನಿಂತ ಕಾರಿನಲ್ಲಿಯೇ ಪೆಡಲನ್ನು ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿದುಕೊಳ್ಳಿ. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ಎರಡು ಮೂರು ಸಲ ಒತ್ತಿದ ಮೇಲೆ ಮೇಲೇರಿ ನಿಂತರೆ ಶೂಗಳನ್ನು ಬಿಗಿಮಾಡಿಸಬೇಕಾಗಿರಬಹುದು. ಒತ್ತಿ ಹಿಡಿದ ಪಾದದ ಕೆಳಗೆ ಪೆಡಲು ಮೆಲ್ಲಮೆಲ್ಲನೆ ಇಳಿಯುತ್ತ ಹೋದರೆ ಎಲ್ಲಿಯೋ ಸೋರಿಕೆಯಿದೆ, ಇಲ್ಲವೆ ಮಾಸ್ಟರ್ ಸಿಲಿಂಡರು ಸವೆದಿದೆ. ಆ ದಿನ ಮೆಕಾನಿಕ್ಕಿನ ಅಂಗಡಿ ಮುಂದಿನ ಬೀದಿಯಲ್ಲಿಯೇ ಇದ್ದರೂ ಕಾರನ್ನು ಅಲ್ಲಿಗೆ ಒಯ್ಯಬೇಡಿ. ಅವನನ್ನೇ ಮನೆಗೆ ಕರೆಸಿಕೊಳ್ಳಿ.