ಇಳಿದ ತೂಕ ಮರಳಿ ಬರುವುದೇಕೆ? ಕೊರಿಯಾದ ಮದ್ದು ಏನು ಹೇಳುತ್ತದೆ?

ದಾರದ ತುದಿಯವರೆಗೆ ಇಳಿದು ಮತ್ತೆ ಕೈಗೆ ಮರಳುವ ಯೋಯೋ ಆಟಿಕೆಯನ್ನು ಮಕ್ಕಳು ಬಲ್ಲರು. ಪಥ್ಯ ಮಾಡಿ ಇಳಿಸಿದ ತೂಕ ಕೆಲವೇ ತಿಂಗಳಲ್ಲಿ ಮರಳಿ ಬಂದರೆ ಅದಕ್ಕೂ ದಕ್ಷಿಣ ಕೊರಿಯಾದ ಜನ 'ಯೋಯೋ' ಎಂದೇ ಹೇಳುತ್ತಾರೆ. ಇದನ್ನು ತಡೆಯಲು ಅಲ್ಲಿ ಅನೇಕರು 'ಹನ್‌ಬಾಂಗ್' ಎಂಬ ಸಾಂಪ್ರದಾಯಿಕ ವೈದ್ಯದ ಮೊರೆ ಹೋಗುವುದುಂಟು. ಕೊರಿಯಾದ ಹಾಡು, ಧಾರಾವಾಹಿಗಳಿಗೆ ಮನಸೋತ ನಮ್ಮ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಈ ಮದ್ದಿನ ಗುಣದೋಷಗಳನ್ನು ತಿಳಿದಿರುವುದು ಒಳ್ಳೆಯದು.

ದೇಹದ ಲೆಕ್ಕಾಚಾರ

ನಮ್ಮ ದೇಹಕ್ಕೆ ಪಥ್ಯವೂ ಒಂದೇ, ಬರಗಾಲವೂ ಒಂದೇ. ಆಹಾರ ಕಡಿಮೆಯಾದೊಡನೆ ಅದು ಶಕ್ತಿಯ ಖರ್ಚನ್ನು ತಗ್ಗಿಸುತ್ತದೆ. ಕೊಬ್ಬಿನ ಕೋಶಗಳಲ್ಲಿ ಹುಟ್ಟಿ ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಎಂಬ ಹಾರ್ಮೋನು ಕುಗ್ಗುತ್ತದೆ. ಜಠರದಲ್ಲಿ ಹುಟ್ಟಿ ಹಸಿವನ್ನು ಕೆರಳಿಸುವ ಗ್ರೆಲಿನ್ ಹೆಚ್ಚುತ್ತದೆ. 10 ವಾರ ಕಠಿಣ ಪಥ್ಯ ಮಾಡಿದವರಲ್ಲಿ ಈ ಏರುಪೇರು ಒಂದು ವರ್ಷದ ನಂತರವೂ ಉಳಿದಿದ್ದುದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2011ರಲ್ಲಿ ತೋರಿಸಿಕೊಟ್ಟರು. ಆದ್ದರಿಂದ ತೂಕ ಮರಳಿದರೆ 'ಮನಸ್ಸು ಗಟ್ಟಿಯಿಲ್ಲ' ಎಂದು ಮಕ್ಕಳನ್ನು ಹಳಿಯುವುದು ಸರಿಯಲ್ಲ.

ನಾಲ್ಕು ಬಗೆಯ ಪ್ರಕೃತಿ

ಕೊರಿಯಾದ ವೈದ್ಯಕ್ಕೆ ದೀರ್ಘ ಇತಿಹಾಸವಿದೆ. ರಾಜವೈದ್ಯ ಹೊ ಜುನ್ ರಚಿಸಿದ 'ದೊಂಗುಯಿ ಬೊಗಮ್' ಎಂಬ ಗ್ರಂಥ 1613ರಲ್ಲಿ ಅಚ್ಚಾಯಿತು. 2009ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. 1894ರಲ್ಲಿ ಲೀ ಜೆ-ಮಾ ಎಂಬ ವೈದ್ಯ ಮನುಷ್ಯರನ್ನು ನಾಲ್ಕು ಪ್ರಕೃತಿಗಳಾಗಿ ವಿಂಗಡಿಸಿದ. ಅವುಗಳಲ್ಲಿ 'ತೆ-ಉಮ್' ಪ್ರಕೃತಿಯವರು ಬೇಗ ದಪ್ಪಗಾಗುತ್ತಾರೆಂಬುದು ಆ ಪದ್ಧತಿಯ ನಂಬಿಕೆ. ನಮ್ಮ ಆಯುರ್ವೇದದ ಕಫ ಪ್ರಕೃತಿ ಇಲ್ಲಿ ನೆನಪಾಗದಿರದು. ಪ್ರಕೃತಿಯನ್ನು ನೋಡಿ ವೈದ್ಯರು ಕಷಾಯ, ಅಕ್ಯುಪಂಕ್ಚರ್ ಮತ್ತು ಆಹಾರಕ್ರಮವನ್ನು ಸೂಚಿಸುತ್ತಾರೆ. ಎಲ್ಲರಿಗೂ ಒಂದೇ ಪಥ್ಯ ಒಗ್ಗದು ಎಂಬ ವಿವೇಕ ಇದರಲ್ಲಿದೆ.

ಕಷಾಯದೊಳಗಿನ ಎಚ್ಚರಿಕೆ

ಆದರೆ ತೂಕ ಇಳಿಸುವ ಅನೇಕ ಕಷಾಯಗಳಲ್ಲಿ 'ಮಾಹ್ವಾಂಗ್' ಎಂಬ ಗಿಡದ ಕಾಂಡವಿರುತ್ತದೆ. ಸಸ್ಯಶಾಸ್ತ್ರದಲ್ಲಿ ಇದು ಎಫೆಡ್ರಾ. ಇದರಲ್ಲಿರುವ ಎಫೆಡ್ರಿನ್ ಹಸಿವನ್ನು ಅಡಗಿಸುತ್ತದೆ. ಜೊತೆಗೇ ಎದೆಬಡಿತ, ರಕ್ತದೊತ್ತಡಗಳನ್ನು ಏರಿಸಿ ನಿದ್ದೆಗೆಡಿಸುತ್ತದೆ. ಎಫೆಡ್ರಾ ಬೆರೆತ ಪೂರಕ ಆಹಾರಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಕಷಾಯ ನಿಲ್ಲಿಸಿದರೆ ಅಡಗಿದ್ದ ಹಸಿವು ಮತ್ತೆ ತಲೆ ಎತ್ತುತ್ತದೆ. ಇಳಿದ ತೂಕವನ್ನು ವರ್ಷಗಟ್ಟಲೆ ಕಾಯುವ ಶಕ್ತಿ ಈ ಮದ್ದಿಗಿದೆ ಎನ್ನಲು ಗಟ್ಟಿಯಾದ ಪುರಾವೆಯಿಲ್ಲ.

ಉಳಿಸಿಕೊಳ್ಳುವ ದಾರಿ

ಕನಿಷ್ಠ 13.6 ಕಿಲೋ ಇಳಿಸಿ, ಒಂದು ವರ್ಷವಾದರೂ ಹಾಗೆಯೇ ಉಳಿಸಿಕೊಂಡವರ ದಾಖಲೆಯನ್ನು ಅಮೆರಿಕದಲ್ಲಿ 1994ರಿಂದ ಇಡಲಾಗಿದೆ. ಅವರಲ್ಲಿ ಹೆಚ್ಚಿನವರ ಗುಟ್ಟು ಸರಳವಾದುದು: ದಿನಕ್ಕೆ ಸುಮಾರು ಒಂದು ಗಂಟೆ ನಡಿಗೆಯಂಥ ವ್ಯಾಯಾಮ, ತಪ್ಪದ ಬೆಳಗಿನ ಉಪಾಹಾರ, ಆಗಾಗ ತೂಕ ನೋಡಿಕೊಳ್ಳುವುದು. ಕೊರಿಯಾದಿಂದ ಏನನ್ನಾದರೂ ಕಲಿಯುವುದಿದ್ದರೆ ಅಲ್ಲಿನ ಊಟದಿಂದ ಕಲಿಯೋಣ. ಅನ್ನದ ಸುತ್ತ ಬೇಯಿಸಿದ ಸೊಪ್ಪು, ತರಕಾರಿಗಳ ಹಲವು ಬಟ್ಟಲುಗಳಿರುತ್ತವೆ. ನಮ್ಮಲ್ಲೂ ಕೋಸಂಬರಿ, ಸೊಪ್ಪಿನ ಪಲ್ಯ, ಹುಳಿಗಳಿಗೆ ಕೊರತೆಯಿಲ್ಲ.

ಬೆಳೆಯುವ ವಯಸ್ಸಿನಲ್ಲಿ ಊಟ ಬಿಟ್ಟರೆ ಮೂಳೆ, ರಕ್ತ, ಓದು ಮೂರಕ್ಕೂ ನಷ್ಟ. ತಂದೆತಾಯಿಯರು ಮಕ್ಕಳ ಮೈಕಟ್ಟನ್ನು ಗೇಲಿ ಮಾಡಬಾರದು, ಅಂಚೆಯಲ್ಲಿ ಬರುವ ಹೆಸರಿಲ್ಲದ ಪುಡಿ-ಕಷಾಯ ಕೊಡಲೂಬಾರದು. ತೂಕ ನಿಜಕ್ಕೂ ಹೆಚ್ಚಿದ್ದರೆ ವೈದ್ಯರಲ್ಲಿ ತೋರಿಸಿ. ಮನೆಮಂದಿಯೆಲ್ಲ ಒಟ್ಟಿಗೆ ಉಂಡು, ಒಟ್ಟಿಗೆ ನಡೆದರೆ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಮದ್ದು ಬೇಕಿಲ್ಲ.