ದಿನದ ಲೆಕ್ಕ ದಿನಕ್ಕೇ ಮುಗಿಯಲಿ

ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆಯ ಕನ್ನಡ ಶಾಲೆಗಳಲ್ಲಿ ದುಡಿಯುತ್ತಿರುವ ಗುರುಗಳೇ, ಅಕ್ಕಾವರೇ, ನಾನು ಶಿಕ್ಷಕನಲ್ಲ. ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಕೌಂಟರಿನ ಹಿಂದೆ ತಲೆ ನರೆತು ನಿವೃತ್ತನಾದವನು. ಆದರೆ ನನ್ನ ತಂಗಿ ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕಿ. ಇಂದು ಶಿಕ್ಷಕರ ಮನಸ್ಸಿನ ಒತ್ತಡದ ಬಗ್ಗೆ ಹೇಳಲಿರುವುದನ್ನು ಅರ್ಧ ಅವಳಿಂದ ಕಲಿತೆ, ಅರ್ಧ ಬ್ಯಾಂಕಿನಿಂದ.

ಕೆಲ ವರ್ಷಗಳ ಹಿಂದೆ ಒಂದು ಸಂಜೆ ಅವಳು ಶಾಲೆಯಿಂದ ನೇರವಾಗಿ ನಮ್ಮ ಮನೆಗೆ ಬಂದಳು. ಕೊಟ್ಟ ಚಹಾ ಮುಟ್ಟಲಿಲ್ಲ. "ಅಣ್ಣಾ, ನಾ ನೌಕರಿ ಬಿಡ್ತೀನಿ" ಅಂದಳು. ವರ್ಗದಲ್ಲಿ ನಿದ್ದೆ ಹೋದ ಹುಡುಗನೊಬ್ಬನ ಕೆನ್ನೆಗೆ ಹೊಡೆದಿದ್ದಳು. ಆಮೇಲೆ ತಿಳಿಯಿತು: ಹೊಲದ ಮೋಟರಿಗೆ ಕರೆಂಟು ರಾತ್ರಿ ಬರುತ್ತಿತ್ತು, ಹುಡುಗ ಅಪ್ಪನ ಜೊತೆ ಬೆಳತನಕ ಕಬ್ಬಿಗೆ ನೀರು ಹಾಯಿಸಿ ಶಾಲೆಗೆ ಬಂದಿದ್ದ. ಅಂದು ಅವಳಿಗೆ ಎರಡು ವರ್ಗಗಳನ್ನು ಕೂಡಿಸಿ ಕಲಿಸುವ ಪಾಳಿ, ಮೇಲೆ ಸಂಜೆಯೊಳಗೆ ತುಂಬಿ ಕಳಿಸಬೇಕಾದ ಮಾಹಿತಿಯ ಕಾಗದಗಳು. "ಅವನ ಮೇಲೆ ನನಗ ಸಿಟ್ಟೇ ಇರಲಿಲ್ಲ ಅಣ್ಣಾ. ಸಿಟ್ಟು ಎಲ್ಲಿಂದಲೋ ಬಂತು" ಎಂದು ಅತ್ತಳು.

ಈ 'ಎಲ್ಲಿಂದಲೋ ಬಂದ ಸಿಟ್ಟು' ಏನೆಂದು ತಿಳಿಯುವುದು ಅಗತ್ಯ. ದೇಹದ ಮೇಲೆ ಒತ್ತಡದ ಪರಿಣಾಮವನ್ನು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ವಿವರಿಸಿದರು. ಅಪಾಯ ಎದುರಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಹೆಚ್ಚುತ್ತವೆ. ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ. ಗಳಿಗೆಯ ಮಟ್ಟಿಗೆ ಇದು ಒಳ್ಳೆಯದೇ. ದಿನವೂ ಹೀಗೆಯೇ ನಡೆದು ವಿಶ್ರಾಂತಿ ಸಿಗದಿದ್ದರೆ ನಿದ್ದೆ ಕೆಡುತ್ತದೆ, ತಲೆ ಭಾರವಾಗುತ್ತದೆ, ಸಣ್ಣ ಮಾತಿಗೂ ಕಿಡಿ ಹಾರುತ್ತದೆ. ಕೆಲಸದ ಒತ್ತಡ ಹತೋಟಿ ಮೀರಿ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಲಕ್ಷಣಗಳಿಂದ ಗುರುತಿಸಿತು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದು ಸಫಲವಾಗುತ್ತಿಲ್ಲ ಎನಿಸುವುದು. ಇದನ್ನು ರೋಗವೆಂದು ಕರೆಯದೆ ದುಡಿಮೆಗೆ ಸಂಬಂಧಿಸಿದ ಸ್ಥಿತಿ ಎಂದಿತು. ಆದ್ದರಿಂದ, ಗುರುಗಳೇ, ದಣಿದದ್ದಕ್ಕೆ ನಾಚಬೇಡಿ.

ನಮ್ಮ ಭಾಗದ ಶಿಕ್ಷಕರಿಗೆ ಹೊರೆ ಇನ್ನೂ ಒಂದಿದೆ. ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲಿ ಬರುತ್ತದೆ, ಸುತ್ತೋಲೆ ಮರಾಠಿಯಲ್ಲಿ ಬರುತ್ತದೆ. ಒಂದೇ ತಲೆ ಎರಡು ಭಾಷೆಯಲ್ಲಿ ಓಡಬೇಕು. 'ಮುಂದಿನ ವರ್ಷ ನಮ್ಮ ಶಾಲೆಗೆ ಎಷ್ಟು ಮಕ್ಕಳು ಬಂದಾರು?' ಎಂಬ ಚಿಂತೆ ಬೇರೆ.

ಅಂದು ನಾನು ತಂಗಿಗೆ ನನಗೆ ಗೊತ್ತಿದ್ದ ಒಂದೇ ವಿದ್ಯೆ ಹೇಳಿದೆ. ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ. ಎಷ್ಟು ಹುಡುಕಿದರೂ ಲೆಕ್ಕ ಸಿಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಬರೆದು, ಸಹಿ ಮಾಡಿ, ಆ ದಿನವನ್ನು ಮುಚ್ಚುತ್ತೇವೆ. ಬಾಕಿ ಮಾಯವಾಗುವುದಿಲ್ಲ, ಆದರೆ ಅದು ಪುಸ್ತಕದಲ್ಲಿರುತ್ತದೆ, ತಲೆಯಲ್ಲಿ ಇರುವುದಿಲ್ಲ. ನಾಳೆಯ ಗಿರಾಕಿಯ ಖಾತೆಗೆ ಅದನ್ನು ಹಾಕುವಂತಿಲ್ಲ.

ಅವಳು ಹಾಗೆಯೇ ಶುರುಮಾಡಿದಳು. ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಕುಳಿತು ನೋಟಬುಕ್ಕಿನಲ್ಲಿ ಮೂರು ಸಾಲು ಬರೆಯುತ್ತಾಳೆ: ಇಂದು ಮನಸ್ಸಿಗೆ ನಾಟಿದ್ದೇನು? ಅದರಲ್ಲಿ ನನ್ನ ಕೈಯಲ್ಲಿರುವುದೇನು? ನಾಳೆಗೆ ಬಿಟ್ಟದ್ದೇನು? ಆಮೇಲೆ ನೋಟಬುಕ್ಕನ್ನು ಶಾಲೆಯ ಕಪಾಟಿನಲ್ಲೇ ಇಟ್ಟು ಬರುತ್ತಾಳೆ.

ಬ್ಯಾಂಕಿನ ಇನ್ನೊಂದು ಪದ್ಧತಿಯೂ ನಿಮಗೆ ಉಪಯುಕ್ತ. ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಬ್ಬನೇ ತೆರೆಯುವಂತಿಲ್ಲ. ಮನಸ್ಸಿನ ಭಾರಕ್ಕೂ ಎರಡನೆಯ ಕೀಲಿಯವರೊಬ್ಬರು ಬೇಕು. ಸಹಶಿಕ್ಷಕರಲ್ಲಿ ನಂಬಿಕೆಯವರೊಬ್ಬರೊಡನೆ ವಾರಕ್ಕೊಮ್ಮೆ ಮನಸ್ಸು ಬಿಚ್ಚಿ ಮಾತಾಡಿ. ಏಕೋಪಾಧ್ಯಾಯ ಶಾಲೆಯಾದರೆ ಪಕ್ಕದೂರಿನ ಶಿಕ್ಷಕರಿಗೆ ಫೋನು ಮಾಡಿ.

ವರ್ಗದಲ್ಲಿಯೇ ಸಿಟ್ಟು ಏರಿತೋ, ಕೈಯಲ್ಲಿದ್ದುದನ್ನು ಮೇಜಿನ ಮೇಲಿಡಿ. ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಡಿ, ನಾಲ್ಕೈದು ಸಲ. ಎದೆ ಬಡಿತ ಇಳಿಯುತ್ತದೆ. ಮಗುವನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ ಎಂಬುದೂ ನೆನಪಿರಲಿ.

ಅದೇ ಕಾಯ್ದೆಯ 27ನೆಯ ಕಲಮು ನಿಮ್ಮ ಪರವಾಗಿದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ನಿಮ್ಮದಲ್ಲದ ಹೊರೆ ಬಂದರೆ ಎಲ್ಲರೂ ಕೂಡಿ, ಜಗಳವಾಡದೆ, ಬರಹದಲ್ಲಿ ಕೇಳಿ. ತಾಳ್ಮೆ ಎಂದರೆ ಹೇರಿದ್ದನ್ನೆಲ್ಲ ಹೊರುವುದು ಎಂದಲ್ಲ.

ಇಷ್ಟಾದರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಎನಿಸಿದರೆ, ತಡಮಾಡದೆ ವೈದ್ಯರನ್ನು ಕಾಣಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತಾಡಬಹುದು.

ತಂಗಿ ನೌಕರಿ ಬಿಡಲಿಲ್ಲ. ಮರುದಿನ ಆ ಹುಡುಗನನ್ನು ಕರೆದು, "ನನ್ನದು ತಪ್ಪಾತಪ್ಪಾ" ಎಂದಳು. ಅವನು ಅವಳ ಮುಖ ನೋಡಲು ಒಂದು ವಾರ ಹಿಡಿಯಿತು. ನೀರು ಹಾಯಿಸಿ ಬಂದ ದಿನ ಅವನನ್ನು ಮೊದಲ ತಾಸು ಮಲಗಲು ಬಿಟ್ಟು, ತಪ್ಪಿದ ಪಾಠವನ್ನು ಮಧ್ಯಾಹ್ನ ಹೇಳಿಕೊಡುತ್ತಿದ್ದಳು.

ಗಟ್ಟಿ ಮನಸ್ಸೆಂದರೆ ಎಂದೂ ದಣಿಯದ ಮನಸ್ಸಲ್ಲ. ದಣಿದದ್ದನ್ನು ಒಪ್ಪಿ, ತಪ್ಪಿದ್ದನ್ನು ತಿದ್ದಿ, ಮರುದಿನ ಮತ್ತೆ ಶಾಲೆಯ ಬಾಗಿಲು ತೆರೆಯುವ ಮನಸ್ಸು. ನಿನ್ನೆಯ ಬಾಕಿಯನ್ನು ಇಂದಿನ ಮಗು ತೀರಿಸುವಂತಾಗಬಾರದು. ಇಂದಿನ ಸಂಜೆಯೇ ಮೂರು ಸಾಲು ಬರೆದು ನೋಡಿ.