ಎಳೆಯರ ಗೆರೆಗಳು: ಚಿತ್ರ ಬರೆಯುವ ಮಗುವಿನೊಡನೆ ಮಾತು

ಶರಾವತಿಯ ಹಿನ್ನೀರಿನ ದಡದಲ್ಲಿರುವ ಹೊಳೆಬಾಗಿಲು, ೨೦೨೫ರ ಜುಲೈ ತಿಂಗಳಲ್ಲಿ ಸೇತುವೆ ತೆರೆಯುವವರೆಗೆ, ಸಾಗರದಿಂದ ತುಮರಿ ಸಿಗಂದೂರುಗಳಿಗೆ ಹೋಗುವವರು ಲಾಂಚನ್ನು ಏರುತ್ತಿದ್ದ ಸ್ಥಳ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಗಿ ಹೊಳೆ ಹರಡಿಕೊಂಡಾಗ ಈ ಸೀಮೆಯಲ್ಲಿ ಗದ್ದೆ ತೋಟಗಳೊಡನೆ ಮನೆಗಳೂ, ಅವುಗಳ ಮಣ್ಣಿನ ಗೋಡೆಗಳೂ ನೀರಿನ ಪಾಲಾದವು. ಉಳಿದ ಊರುಗಳಲ್ಲಿಯೂ ಮಣ್ಣಿನ ಗೋಡೆಯ ಸ್ಥಾನಕ್ಕೆ ಸಿಮೆಂಟಿನ ಗೋಡೆ ಬಂದಿದೆ. ಗೋಡೆಯ ಮೇಲೆ ಚಿತ್ತಾರ ಬರೆಯುವುದನ್ನು ಮಂಗಳಕಾರ್ಯವೆಂದು ಬಗೆದ ಇದೇ ಸೀಮೆಯಲ್ಲಿ, ಗೋಡೆಯ ಮೇಲೆ ಗೆರೆ ಎಳೆದ ಎರಡು ವರ್ಷದ ಮಗುವಿಗೆ ಇಂದು ಗದರಿಕೆಯೇ ಮೊದಲ ವಿಮರ್ಶೆಯಾಗಿದೆ. ಚಿತ್ರ ಬರೆಯುವ ಎಳೆಯ ಮಗುವಿನೊಡನೆ ಹಿರಿಯರು ಏನು ಮಾತನಾಡಬೇಕು, ಹೇಗೆ ಮಾತನಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಮೊದಲು ಈ ಸೀಮೆಯ ಕಲೆಯನ್ನೇ ನೋಡೋಣ. ಸಾಗರದ ಸುತ್ತಿನ ದೀವರ ಸಮಾಜದ ಹೆಂಗಸರು ಬರೆಯುವ ಹಸೆ ಚಿತ್ತಾರ ಪ್ರಸಿದ್ಧವಾದುದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ, ಪುಂಡಿನಾರಿನ ಕುಂಚ: ಇವಿಷ್ಟೇ ಅದರ ಸಾಮಗ್ರಿ. ಮದುವೆಯ ಹಸೆಗೋಡೆಯಲ್ಲಿ ಮಾತ್ರವಲ್ಲದೆ, ಆಶ್ವಯುಜದ ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಕೈ ಆಡುತ್ತದೆ. ಈ ವಿದ್ಯೆಯನ್ನು ಕಲಿಸಲು ಪಾಠಶಾಲೆ ಇರಲಿಲ್ಲ. ತಾಯಿ, ಅಜ್ಜಿ, ಅತ್ತೆಯರ ಪಕ್ಕದಲ್ಲಿ ಕುಳಿತು ನೋಡುವುದೇ ಮೊದಲ ಪಾಠ. ನಡೆಯಲು ಕಲಿತ ಮಗು ಹಸ್ತವನ್ನು ಹಿಟ್ಟಿನಲ್ಲಿ ಅದ್ದುವುದಕ್ಕೂ ದೊಡ್ಡವರು ಕುಂಚವನ್ನು ಅದ್ದುವುದಕ್ಕೂ ನಡುವೆ ಅಂತರ ಕೈಯಳತೆಯಷ್ಟೇ.

ಆದರೆ ಮಗುವಿನ ಗೆರೆಯೂ ಚಿತ್ತಾರವೂ ಒಂದೇ ಎಂದು ನಾವು ಹೇಳುತ್ತಿಲ್ಲ. ಚಿತ್ತಾರಕ್ಕೆ ನಿಯಮವುಂಟು, ಸಮಾಂತರವಾದ ಗೆರೆಗಳು ಒಂದು ಕ್ರಮದಲ್ಲಿ ಕೂಡಬೇಕು. ಮಗುವಿನ ಗೆರೆಗೆ ಅಂಥ ಕಟ್ಟಳೆ ಇಲ್ಲ. ಆದರೂ ಅದು ಕ್ರಮವಿಲ್ಲದ್ದಲ್ಲ. ವಿಕ್ಟರ್ ಲೋವೆನ್‌ಫೆಲ್ಡ್ ೧೯೪೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸುಮಾರು ಎರಡರಿಂದ ನಾಲ್ಕು ವರ್ಷದವರೆಗಿನ ಕಾಲವನ್ನು ಗೀಚುವಿಕೆಯ ಅವಸ್ಥೆಯೆಂದು ಕರೆದನು. ಮೊದಲು ಕೈ ಬಂದತ್ತ ಗೆರೆ, ಆಮೇಲೆ ಹಿಡಿತಕ್ಕೆ ಬಂದ ಗೆರೆ, ಅನಂತರ ಸುತ್ತುಗಳು, ಕಡೆಯಲ್ಲಿ ಗೀಚಿದುದಕ್ಕೆ ಹೆಸರಿಡುವುದು. ರಷ್ಯದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಗುರುತಿಸಿದ ಸಂಗತಿಯೂ ಇಲ್ಲಿ ಸ್ಮರಣೀಯ. ಎಳೆಯ ಮಗು ಬರೆದು ಮುಗಿಸಿದ ಮೇಲೆ ಹೆಸರು ಹೇಳುತ್ತದೆ; ಸ್ವಲ್ಪ ಬೆಳೆದಾಗ ಬರೆಯುತ್ತಿರುವಾಗಲೇ ಹೇಳುತ್ತದೆ; ಇನ್ನೂ ಬೆಳೆದಾಗ, ಏನು ಬರೆಯುವೆನೆಂದು ಮೊದಲೇ ಹೇಳಿ ಬರೆಯುತ್ತದೆ. ಎಂದರೆ, ಮಾತು ಗೆರೆಯ ಹಿಂದಿನಿಂದ ಹೊರಟು ಕ್ರಮೇಣ ಅದರ ಮುಂದಕ್ಕೆ ಬರುತ್ತದೆ.

ಹೀಗಿರುವಲ್ಲಿ ನಾವು ಸಾಮಾನ್ಯವಾಗಿ ಕೇಳುವ "ಇದೇನು ಬರೆದೆ?" ಎಂಬ ಪ್ರಶ್ನೆಯ ದೋಷ ತಾನಾಗಿಯೇ ತೋರುತ್ತದೆ. ಕೈಯ ಓಟವನ್ನೇ ಸವಿಯುತ್ತಿದ್ದ ಮಗುವಿಗೆ ಅದು ಇನ್ನೂ "ಏನೂ" ಆಗಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ ಎಂದು ಅದು "ಹಸು" ಎನ್ನುತ್ತದೆ, ನಾವು "ಹಸುವಿಗೆ ಕೊಂಬೆಲ್ಲಿ?" ಎನ್ನುತ್ತೇವೆ; ಬಳಿಕ ಕೊಂಬನ್ನು ನಾವೇ ಬರೆದು ಕೊಡುತ್ತೇವೆ. ಮರುದಿನ ಮಗು ಬಳಪವನ್ನು ನಮ್ಮ ಕೈಗೆ ಕೊಟ್ಟು "ನೀನೇ ಬರಿ" ಎಂದರೆ ಆಶ್ಚರ್ಯವೇನು? "ಚೆನ್ನಾಗಿದೆ" ಎಂಬ ಹೊಗಳಿಕೆಯೂ ಇಷ್ಟೇ ಬಡವಾದುದು. ಅದು ಮಾತನ್ನು ಆರಂಭಿಸುವುದಿಲ್ಲ, ಮುಗಿಸುತ್ತದೆ.

ಹಾಗಾದರೆ ಏನು ಹೇಳಬೇಕು? ಕಣ್ಣಿಗೆ ಕಂಡುದನ್ನು, ಕೈ ಮಾಡಿದುದನ್ನು ಹೇಳಬೇಕು. ಇದಕ್ಕೆ ಕನ್ನಡದಲ್ಲಿ ಪದದಾರಿದ್ರ್ಯವಿಲ್ಲ. ಗೀಚು, ಗೀರು, ಎಳೆ, ತೀಡು, ಬಳಿ, ಒತ್ತು, ಸುತ್ತು, ಚುಕ್ಕಿಯಿಡು ಎಂಬ ಪ್ರತಿಯೊಂದು ಕ್ರಿಯಾಪದವೂ ಕೈಯ ಒಂದೊಂದು ಬಗೆಯನ್ನು ಹಿಡಿದಿದೆ. ಅಕ್ಷರಕ್ಕೂ ಚಿತ್ರಕ್ಕೂ ನಾವು "ಬರೆ" ಎಂಬ ಒಂದೇ ಮಾತನ್ನು ಬಳಸುತ್ತೇವೆ, ಚಿತ್ತಾರವನ್ನೂ "ಬರೆಯು"ತ್ತೇವೆ. "ಎಳೆ" ಎಂಬುದಂತೂ ನೂಲಿನ ಎಳೆ, ಎಳೆಯುವ ಕ್ರಿಯೆ, ಎಳೆಯ ವಯಸ್ಸು ಮೂರನ್ನೂ ಹೇಳುತ್ತದೆ.

ಉದಾಹರಣೆಗೆ, ಜಗಲಿಯಲ್ಲಿ ಎರಡೂವರೆ ವರ್ಷದ ಮಗುವೊಂದು ಇದ್ದಿಲಿನಿಂದ ಸುತ್ತು ಹಾಕುತ್ತಿದೆಯೆಂದು ಭಾವಿಸೋಣ. ಪಕ್ಕದಲ್ಲಿ ಅಡಕೆ ಸುಲಿಯುತ್ತಿರುವ ಅಜ್ಜಿ, "ಸುತ್ತಿ ಸುತ್ತಿ ಬಂತಲ್ಲ ಮಗಾ, ಇಲ್ಲಿ ಒತ್ತಿ ಎಳೆದೆ, ಕಪ್ಪಾಯಿತು" ಎನ್ನುತ್ತಾಳೆ. ಮಗು ಮತ್ತೊಮ್ಮೆ ಒತ್ತಿ ನೋಡುತ್ತದೆ. ಸ್ವಲ್ಪ ತಡೆದು, ಯಾರೂ ಕೇಳದೆಯೇ, "ಲಾಂಚು" ಎನ್ನುತ್ತದೆ. "ಓ, ಲಾಂಚೇ! ಯಾರು ಯಾರು ಕೂತಿದ್ದಾರೆ?" ಎಂದು ಅಜ್ಜಿ ಆಗ ಕೇಳಬಹುದು. ಹೆಸರು ಮಗುವಿನಿಂದ ಬಂದ ಮೇಲೆ ಪ್ರಶ್ನೆಗೆ ದೋಷವಿಲ್ಲ. ಅದು ಕಥೆಗೆ ಬಾಗಿಲಾಗುತ್ತದೆ. ಮಗು ಏನೂ ಹೇಳದಿದ್ದರೆ ಅಜ್ಜಿಯೂ ಸುಮ್ಮನೆ ಅಡಕೆ ಸುಲಿಯಬಹುದು. ಪಕ್ಕದಲ್ಲಿ ಕುಳಿತಿರುವುದೂ ಒಂದು ಬಗೆಯ ಸಂಭಾಷಣೆಯೇ.

ಉಳಿದುದು ಗೋಡೆಯ ಪ್ರಶ್ನೆ. ಎಲ್ಲ ಗೋಡೆಗಳನ್ನೂ ಮಗುವಿಗೆ ಬಿಟ್ಟುಕೊಡಲು ಸಾಧ್ಯವಿಲ್ಲ. ಆದರೆ "ಗೋಡೆ ಹಾಳು ಮಾಡಿದೆ" ಎಂಬ ಮಾತಿಗೂ "ಇದು ನಿನ್ನ ಗೋಡೆ, ಇಲ್ಲಿ ಬರಿ" ಎಂಬ ಮಾತಿಗೂ ಅಜಗಜಾಂತರವಿದೆ. ಅಂಗನವಾಡಿಯಲ್ಲಾಗಲಿ ಮನೆಯಲ್ಲಾಗಲಿ ಮಗುವಿನ ಕೈಗೆ ಎಟುಕುವಷ್ಟು ಎತ್ತರಕ್ಕೆ ಒಂದು ಮೊಳ ಕೆಮ್ಮಣ್ಣು ಬಳಿದು, ಒಂದು ಬಟ್ಟಲು ಅಕ್ಕಿಹಿಟ್ಟಿನ ನೀರನ್ನು ಇಟ್ಟರೆ ಖರ್ಚು ಅಲ್ಪ. ಒರೆಸಿ ಮತ್ತೆ ಬಳಿಯಲೂ ಬರುತ್ತದೆ.

ಅಧ್ಯಾಪಕರಾಗಲಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ಸಣ್ಣ ವಿಷಯವೆಂದು ಎಣಿಸಬಾರದು. ಚಿತ್ತಾರ ಉಳಿಯಬೇಕೆಂದು ನಾವು ಪ್ರದರ್ಶನಗಳನ್ನು ಏರ್ಪಡಿಸುತ್ತೇವೆ, ಛಾಯಾಚಿತ್ರಗಳನ್ನು ಸಂಗ್ರಹಿಸುತ್ತೇವೆ, ಅವೆಲ್ಲ ಅವಶ್ಯವೇ. ಆದರೆ ಮೂರು ವರ್ಷಕ್ಕೇ ಗೆರೆ ಎಳೆಯಲು ಅಂಜಿದ ಕೈ ಮುಂದೆ ಹಸೆಗೋಡೆಯ ಮುಂದೆ ನಿಲ್ಲುವುದು ಕಷ್ಟ. ಆ ಅಂಜಿಕೆಯನ್ನು ಹುಟ್ಟಿಸುವುದೂ ಹುಟ್ಟಿಸದಿರುವುದೂ ನಮ್ಮ ಮಾತಿನಲ್ಲಿದೆ.